ಬಾಲಮಂದಿರದಿಂದಾಚೆ: ಬೌದ್ಧಿಕ ಅಂಗವೈಕಲ್ಯವುಳ್ಳ ಯುವಜನರ ಹದಿನೆಂಟರ ನಂತರದ ಬದುಕು

ಬಾಲಮಂದಿರದಲ್ಲಿ ಬೆಳೆದ ಮಗುವಿಗೆ 18 ವರ್ಷ ತುಂಬಿದಾಗ ಕಡತದಲ್ಲಿ ‘ಬಿಡುಗಡೆ’ ಎಂದು ಬರೆಯುವುದು ರೂಢಿ. ಕಾನೂನಿನ ಕಣ್ಣಿಗೆ ಅಂದಿನಿಂದ ಅದು ಮಗುವಲ್ಲ. ಮಕ್ಕಳ ಕಲ್ಯಾಣ ಸಮಿತಿಯ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ, ಮಕ್ಕಳ ಸಂಸ್ಥೆಯ ಊಟದ ತಟ್ಟೆ, ಮಲಗುವ ಜಾಗ ಇವುಗಳ ಮೇಲಿನ ಹಕ್ಕೂ ಮುಗಿಯುತ್ತದೆ. ಓದು ಬರಹ ಬಲ್ಲ, ಒಂದು ಕಸುಬು ಕಲಿತ ಹುಡುಗನಿಗೇ ಈ ದಿನ ಅಳುಕಿನದು. ಹೆತ್ತವರಿಲ್ಲದ, ಹುಟ್ಟೂರು ತಿಳಿಯದ, ನೂರು ರೂಪಾಯಿ ಕೊಟ್ಟರೆ ಎಷ್ಟು ಚಿಲ್ಲರೆ ವಾಪಸು ಬರಬೇಕೆಂದು ಲೆಕ್ಕ ಹಾಕಲಾಗದ, ಯಾರಾದರೂ ನೆನಪಿಸಿದರೆ ಮಾತ್ರ ಮಾತ್ರೆ ನುಂಗುವ ಯುವಕನಿಗೋ ಯುವತಿಗೋ ‘ಬಿಡುಗಡೆ’ ಎಂಬ ಶಬ್ದ ಹೊಂದುವುದೇ ಇಲ್ಲ. ಅಂಥವರನ್ನು ಒಂದು ಆರೈಕೆಯಿಂದ ಇನ್ನೊಂದು ಆರೈಕೆಗೆ, ಕೈಯಿಂದ ಕೈಗೆ ದಾಟಿಸಬೇಕಾಗುತ್ತದೆ. ಆ ದಾಟಿಸುವ ಕೆಲಸ ಯಾರದು, ಅದು ಎಂದು ಶುರುವಾಗಬೇಕು, ಅದರಲ್ಲಿ ಏನೇನು ಸೇರಿದೆ ಎಂಬುದು ಇಲ್ಲಿಯ ವಿಷಯ.

ಆ 18ನೇ ಹುಟ್ಟುಹಬ್ಬದ ತಾರೀಖೇ ಎಷ್ಟೋ ಸಲ ಒಂದು ಅಂದಾಜು. ಬಸ್‌ ನಿಲ್ದಾಣದಲ್ಲೋ ದೇವಸ್ಥಾನದ ಜಗಲಿಯಲ್ಲೋ ಸಿಕ್ಕ ಮಗುವಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಂತೆ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ದಾಖಲೆ, ಎರಡೂ ಇಲ್ಲದಿದ್ದರೆ ಮೂಳೆಯ ಬೆಳವಣಿಗೆಯ ಪರೀಕ್ಷೆಯಿಂದ ವಯಸ್ಸು ಗೊತ್ತುಮಾಡುತ್ತಾರೆ. ಮೂಳೆ ಪರೀಕ್ಷೆ ಹೇಳುವುದು ಒಂದೆರಡು ವರ್ಷ ಆಚೀಚೆಯ ವಯಸ್ಸನ್ನು. ಹೀಗೆ ಅಂದಾಜಿನಲ್ಲಿ ಬರೆದ ತಾರೀಖೊಂದು ಮುಂದೆ ಒಬ್ಬ ಮನುಷ್ಯನ ಬದುಕನ್ನು ಎರಡಾಗಿ ಕತ್ತರಿಸುತ್ತದೆ.

ಬೌದ್ಧಿಕ ಅಂಗವೈಕಲ್ಯ ಎಂಬುದು ಹಿಂದೆ ‘ಬುದ್ಧಿಮಾಂದ್ಯ’ ಎಂದು ಕರೆಯುತ್ತಿದ್ದ ಸ್ಥಿತಿಗೆ ಈಗಿನ ಹೆಸರು. ಕಲಿಯುವ, ತರ್ಕಿಸುವ, ಸಮಸ್ಯೆ ಬಿಡಿಸುವ ಶಕ್ತಿಯಲ್ಲಿ ಗಮನಾರ್ಹ ಕೊರತೆ, ದಿನದಿನದ ಬದುಕಿನ ನಡವಳಿಕೆಯಲ್ಲಿ ಕೊರತೆ, ಇವೆರಡೂ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರುವುದು ಇದರ ಲಕ್ಷಣ. ಬುದ್ಧಿಸೂಚ್ಯಂಕ 50ರಿಂದ 69ರವರೆಗೆ ಇದ್ದರೆ ಸೌಮ್ಯ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, 20ಕ್ಕಿಂತ ಕೆಳಗೆ ಅತಿ ತೀವ್ರ ಎಂಬ ವಿಂಗಡಣೆ ಬಹುಕಾಲದಿಂದ ಬಳಕೆಯಲ್ಲಿದೆ. ಈ ಅಂಕಿಗಳನ್ನು ನಂಬಿ ಬದುಕಿನ ಯೋಜನೆ ಹಾಕುವಂತಿಲ್ಲ. ಒಂದೇ ಸೂಚ್ಯಂಕದ ಇಬ್ಬರಲ್ಲಿ ಒಬ್ಬಳು ತಾನೇ ಬಸ್ಸು ಹತ್ತಿ ಹೋಗಿ ಬರಬಲ್ಲಳು, ಇನ್ನೊಬ್ಬಳಿಗೆ ಸ್ನಾನಕ್ಕೂ ಜೊತೆ ಬೇಕು. ಆದ್ದರಿಂದಲೇ ಅಂಗವೈಕಲ್ಯ ಪ್ರಮಾಣಪತ್ರ ಕೊಡುವಾಗ ಬುದ್ಧಿ ಪರೀಕ್ಷೆಯ ಜೊತೆ ವೈನ್‌ಲ್ಯಾಂಡ್ ಮಾಪಕದಂಥ ಸಾಮಾಜಿಕ ಪ್ರಬುದ್ಧತೆಯ ಅಳತೆಯನ್ನೂ ನೋಡುತ್ತಾರೆ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ 15 ಲಕ್ಷ ಮಂದಿ ಬೌದ್ಧಿಕ ಅಂಗವೈಕಲ್ಯವುಳ್ಳವರು. ಮಕ್ಕಳ ಪಾಲನಾ ಸಂಸ್ಥೆಗಳ ಬಗ್ಗೆ ಕೇಂದ್ರ ಸರ್ಕಾರ ನಡೆಸಿ 2018ರಲ್ಲಿ ಪ್ರಕಟಿಸಿದ ಸಮೀಕ್ಷೆ 9,589 ಸಂಸ್ಥೆಗಳನ್ನು ಲೆಕ್ಕಕ್ಕೆ ಹಿಡಿಯಿತು. ಅವುಗಳಲ್ಲಿದ್ದ ಮಕ್ಕಳು ಮೂರೂವರೆ ಲಕ್ಷಕ್ಕೂ ಹೆಚ್ಚು. ಪೋಷಕ ಕುಟುಂಬದಲ್ಲಿ ಮಗುವನ್ನು ಇರಿಸಲು ಬಾಲನ್ಯಾಯ ಕಾಯ್ದೆಯ 44ನೇ ಕಲಮು ದಾರಿ ಮಾಡಿಕೊಟ್ಟಿದ್ದರೂ ನಮ್ಮಲ್ಲಿ ಅದು ಇನ್ನೂ ವಿರಳ. ಅಮೆರಿಕದಲ್ಲಿ ‘ಪೋಷಕ ಆರೈಕೆಯ ಮಕ್ಕಳು’ ಎಂದರೆ ಬಹುಪಾಲು ಮನೆಗಳಲ್ಲಿ ಬೆಳೆಯುವವರು. ಭಾರತದಲ್ಲಿ ಅದೇ ಪಾಡಿನ ಮಕ್ಕಳು ಸಂಸ್ಥೆಗಳಲ್ಲಿ ಬೆಳೆಯುತ್ತಾರೆ. ದತ್ತು ಕೇಳಿ ಬರುವವರು ಸಾಮಾನ್ಯವಾಗಿ ಎಳೆಯ, ಆರೋಗ್ಯವಂತ ಮಗುವನ್ನು ಬಯಸುವುದರಿಂದ ಬೌದ್ಧಿಕ ಅಂಗವೈಕಲ್ಯವುಳ್ಳ ಮಗು ಶಿಶುಗೃಹದಿಂದ ಬಾಲಮಂದಿರಕ್ಕೆ, ಅಲ್ಲಿಂದ ವಿಶೇಷ ಮಕ್ಕಳ ಸಂಸ್ಥೆಗೆ ಸಾಗುತ್ತ ಅಲ್ಲಿಯೇ ದೊಡ್ಡದಾಗುವ ಸಂಭವ ಹೆಚ್ಚು.

ಹದಿನೆಂಟರ ನಂತರ ಏನು ಎಂಬ ಪ್ರಶ್ನೆಯನ್ನು ಕಾನೂನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂತು. ಅದರ 46ನೇ ಕಲಮು, ಸಂಸ್ಥೆ ಬಿಟ್ಟು ಹೋಗುವವರಿಗೆ ಸಮಾಜದ ಮುಖ್ಯವಾಹಿನಿ ಸೇರಲು ಹಣಕಾಸಿನ ನೆರವು ‘ಕೊಡಬಹುದು’ ಎನ್ನುತ್ತದೆ. ‘ಕೊಡತಕ್ಕದ್ದು’ ಎಂದಿದ್ದರೆ ಅದು ಹಕ್ಕಾಗುತ್ತಿತ್ತು. ‘ಬಹುದು’ ಎಂದಿರುವುದರಿಂದ ಅದು ಕೊಡುವವರ ಮರ್ಜಿಗೆ ಬಿಟ್ಟ ಮಾತಾಗಿದೆ. ಸಂಸ್ಥೆ ಬಿಟ್ಟ ನಂತರದ ಈ ನೆರವಿಗೆ ‘ಅನುಪಾಲನೆ’ ಎಂದು ಹೆಸರು; ಅದು 18ರಿಂದ 21ರವರೆಗೆ. 2016ರ ಮಾದರಿ ನಿಯಮಗಳ 25ನೇ ನಿಯಮ ಅಸಾಧಾರಣ ಸಂದರ್ಭಗಳಲ್ಲಿ ಇನ್ನೆರಡು ವರ್ಷ ವಿಸ್ತರಿಸಲು ಅವಕಾಶ ಕೊಡುತ್ತದೆ. ಆರರಿಂದ ಎಂಟು ಮಂದಿ ಒಟ್ಟಿಗಿರುವ ತಾತ್ಕಾಲಿಕ ಗುಂಪು ವಸತಿ, ಕಸುಬಿನ ತರಬೇತಿಯ ಕಾಲಕ್ಕೆ ಭತ್ಯೆ, ಆಪ್ತ ಸಮಾಲೋಚಕರ ಸಂಪರ್ಕ ಇವೆಲ್ಲ ಆ ನಿಯಮದಲ್ಲಿವೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿದೆ.

ಈ ಏರ್ಪಾಡಿನ ಒಳಗೆ ಒಂದು ಊಹೆ ಅಡಗಿದೆ. ಮೂರು ವರ್ಷ, ಹೆಚ್ಚೆಂದರೆ ಐದು ವರ್ಷ ಕೈಹಿಡಿದರೆ ಯುವಕ ತನ್ನ ಕಾಲ ಮೇಲೆ ನಿಲ್ಲುತ್ತಾನೆ, ಆಮೇಲೆ ಅವನಿಗೆ ಯಾರೂ ಬೇಡ ಎಂಬುದೇ ಆ ಊಹೆ. ಸೌಮ್ಯ ಪ್ರಮಾಣದ ಅಂಗವೈಕಲ್ಯವುಳ್ಳ ಕೆಲವರ ವಿಷಯದಲ್ಲಿ ಇದು ನಿಜವಾಗಬಹುದು. ಉಳಿದವರ ಅಗತ್ಯಕ್ಕೆ ಕೊನೆಯ ತಾರೀಖು ಎಂಬುದಿಲ್ಲ. ಇಪ್ಪತ್ತೊಂದರಲ್ಲಿ ಬೇಕಾದ ಸಹಾಯವೇ ಮೂವತ್ತರಲ್ಲೂ ಬೇಕು, ಐವತ್ತರಲ್ಲಿ ಇನ್ನೂ ಹೆಚ್ಚು ಬೇಕು. ಹೀಗಾಗಿ ಇವರ ಮಟ್ಟಿಗೆ ಅನುಪಾಲನೆಯ ವರ್ಷಗಳನ್ನು ವಯಸ್ಕರ ಸೇವೆಗೆ ದಾಟಿಸಲು ಸಿಕ್ಕ ಸಮಯವೆಂದು ತಿಳಿಯಬೇಕು. ಕಸುಬು ಕಲಿಸಿ ಕಳಿಸಿಬಿಡುವ ಅವಧಿಯೆಂದು ತಿಳಿದಲ್ಲೆಲ್ಲ ದಾರಿ ತಪ್ಪುತ್ತದೆ.

ದಾಟಬೇಕಾದ ಆಚೆಯ ದಡ ಬೇರೆ ಇಲಾಖೆಯದು. ಕರ್ನಾಟಕದಲ್ಲಿ ಬಾಲಮಂದಿರಗಳು, ಮಕ್ಕಳ ಕಲ್ಯಾಣ ಸಮಿತಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವ್ಯಾಪ್ತಿಯಲ್ಲಿವೆ. ವಯಸ್ಕ ಅಂಗವಿಕಲರ ವಿಷಯ ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪಿಂಚಣಿ ಕಂದಾಯ ಇಲಾಖೆಯ ನಾಡಕಚೇರಿಯಲ್ಲಿ, ಪ್ರಮಾಣಪತ್ರ ಆರೋಗ್ಯ ಇಲಾಖೆಯ ಆಸ್ಪತ್ರೆಯಲ್ಲಿ, ಪಡಿತರ ಚೀಟಿ ಆಹಾರ ಇಲಾಖೆಯಲ್ಲಿ. ತಂದೆತಾಯಿ ಇರುವ ಮಗುವಿನ ಪರವಾಗಿ ಅಪ್ಪನೋ ಅಮ್ಮನೋ ಈ ಐದು ಬಾಗಿಲುಗಳನ್ನು ತಟ್ಟುತ್ತಾರೆ, ಬೈಸಿಕೊಳ್ಳುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ಸಂಸ್ಥೆಯ ಮಗುವಿನ ಪರವಾಗಿ ಹಾಗೆ ಅಲೆಯುವ ಹೊಣೆಯನ್ನು ಹೆಸರು ಹಿಡಿದು ಯಾರಿಗೂ ವಹಿಸದೆ ಇರುವುದೇ ಇಡೀ ಏರ್ಪಾಡಿನ ದೊಡ್ಡ ತೊಡಕು.

ವಯಸ್ಕರ ಕಡೆಯಲ್ಲಿ ಎರಡು ಕಾಯ್ದೆಗಳು ಮುಖ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಬೌದ್ಧಿಕ ಅಂಗವೈಕಲ್ಯ ಅವುಗಳಲ್ಲೊಂದು. ಅದರ 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನು ಕೊಡುತ್ತದೆ. 9ನೇ ಕಲಮು ಇನ್ನೂ ಮುಂದೆ ಹೋಗಿ, ಹೆತ್ತವರು ಸಾಕಲಾಗದಿದ್ದರೆ ಅಂಗವಿಕಲ ಮಗುವನ್ನು ಹತ್ತಿರದ ಬಂಧುಗಳಲ್ಲಿ, ಅದಾಗದಿದ್ದರೆ ಸಮುದಾಯದೊಳಗೆ ಮನೆಯಂಥ ವಾತಾವರಣದಲ್ಲಿ, ಅನಿವಾರ್ಯವಾದರೆ ಮಾತ್ರ ಆಶ್ರಯಗೃಹದಲ್ಲಿ ಇರಿಸಬೇಕೆನ್ನುತ್ತದೆ. ಸರ್ಕಾರಿ ಹುದ್ದೆಗಳ ಶೇ. 4 ಮೀಸಲಾತಿಯಲ್ಲಿ ಬೌದ್ಧಿಕ ಅಂಗವೈಕಲ್ಯವನ್ನೂ ಮೊದಲ ಬಾರಿಗೆ ಸೇರಿಸಿದ ಕಾಯ್ದೆ ಇದು. ಎರಡನೆಯದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಜನರ ಬಾಯಲ್ಲಿ ‘ನ್ಯಾಷನಲ್ ಟ್ರಸ್ಟ್’. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಉಳ್ಳವರಿಗಾಗಿಯೇ ಹುಟ್ಟಿದ ಈ ಸಂಸ್ಥೆಯ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ‘ಘರೌಂದಾ’ ಯೋಜನೆ ವಯಸ್ಕರಿಗೆ ಜೀವನಪರ್ಯಂತದ ಗುಂಪು ಮನೆಯ ಕಲ್ಪನೆಯನ್ನು ಮುಂದಿಟ್ಟಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನೂ ಇಲ್ಲಿ ನೆನೆಯಬೇಕು, ಆದರೆ ಬೇರೆ ಕಾರಣಕ್ಕೆ. ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಆ ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಜಾಗ ಸಿಗಲಿಲ್ಲವೆಂದು ಬೌದ್ಧಿಕ ಅಂಗವೈಕಲ್ಯವುಳ್ಳ ಯುವತಿಯನ್ನು ಮಾನಸಿಕ ಆಸ್ಪತ್ರೆಯಲ್ಲಿ ವಸತಿಗೆ ಬಿಡುವುದು ಕಾನೂನಿಗೂ ಒಪ್ಪುವುದಿಲ್ಲ, ವೈದ್ಯಕ್ಕೂ ಒಪ್ಪುವುದಿಲ್ಲ. ಆಕೆಗೆ ಜೊತೆಯಲ್ಲಿ ಮಾನಸಿಕ ಕಾಯಿಲೆಯೂ ಇದ್ದರೆ ಚಿಕಿತ್ಸೆಗಾಗಿ ಹೋಗಿ ಬರುವುದು ಬೇರೆ ಮಾತು.

ಹದಿನೆಂಟು ಎಂಬ ಅಂಕಿಯ ಬಿಗಿತ ಎಷ್ಟೆಂಬುದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಲ್ಲಿ ಕಾಣುತ್ತದೆ. ಮೊದಲನೆಯದು 2009ರ ಸುಚಿತಾ ಶ್ರೀವಾಸ್ತವ ವಿರುದ್ಧ ಚಂಡೀಗಢ ಆಡಳಿತ ಪ್ರಕರಣ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ತಂದೆತಾಯಿ ಇಲ್ಲದ, ಸೌಮ್ಯ ಬುದ್ಧಿಮಾಂದ್ಯದ ಸುಮಾರು 19-20ರ ಯುವತಿಯೊಬ್ಬಳು ಅಲ್ಲಿದ್ದಾಗಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಳು. ಗರ್ಭಪಾತ ಮಾಡಿಸಬೇಕೆಂದು ಆಡಳಿತ ಹೈಕೋರ್ಟಿಗೆ ಹೋಯಿತು, ಹೈಕೋರ್ಟು ಒಪ್ಪಿತು. ಮಗುವನ್ನು ಹೆರಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ ಹೈಕೋರ್ಟಿನ ಆದೇಶವನ್ನು ತಡೆಯಿತು. ವಯಸ್ಕಳಾದ, ಸೌಮ್ಯ ಬುದ್ಧಿಮಾಂದ್ಯದ ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ, ಮಾನಸಿಕ ಕಾಯಿಲೆಯೂ ಬುದ್ಧಿಮಾಂದ್ಯವೂ ಒಂದೇ ಅಲ್ಲ ಎಂದು ಅದು ಹೇಳಿತು. ಆಶ್ರಯದ ನೆಲೆಯಲ್ಲೇ ಆಕೆಗೆ ರಕ್ಷಣೆ ಇರಲಿಲ್ಲವೆಂಬ ಕಠೋರ ಸಂಗತಿಯೂ, ವಯಸ್ಕಳಾದ ಮೇಲೆ ಆಕೆಯ ಮಾತಿಗೆ ಬೆಲೆ ಇದೆಯೆಂಬ ತತ್ವವೂ ಈ ಒಂದೇ ಪ್ರಕರಣದಲ್ಲಿ ಎದುರುಬದುರು ನಿಂತಿವೆ. ಎರಡನೆಯದು 2017ರ ಈರಾ ಪ್ರಕರಣ. ವಯಸ್ಸಿನಲ್ಲಿ ದೊಡ್ಡವಳಾದರೂ ಮಾನಸಿಕ ವಯಸ್ಸು ಎಳೆಯ ಮಗುವಿನಷ್ಟೇ ಇರುವ ಮಹಿಳೆಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯನ್ನು ಅನ್ವಯಿಸಬೇಕೆಂದು ಕೇಳಲಾಗಿತ್ತು. ಕಾಯ್ದೆಯಲ್ಲಿ ‘ವಯಸ್ಸು’ ಎಂದರೆ ಹುಟ್ಟಿದಂದಿನಿಂದ ಎಣಿಸಿದ ವಯಸ್ಸೇ, ಮಾನಸಿಕ ವಯಸ್ಸಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಅಂದರೆ 17 ವರ್ಷ 364 ದಿನಗಳ ಹುಡುಗಿಗೆ ಇದ್ದ ವಿಶೇಷ ರಕ್ಷಣೆ ಮರುದಿನ ಇರುವುದಿಲ್ಲ. ದೊಡ್ಡವರನ್ನು ಕೊನೆಯವರೆಗೂ ಮಕ್ಕಳೆಂದು ಕರೆಯುವುದು ಇದಕ್ಕೆ ಪರಿಹಾರವಾಗಲಾರದು. ಹಾಗೆ ಕರೆದರೆ ಸುಚಿತಾ ಪ್ರಕರಣದಲ್ಲಿ ಉಳಿದ ಹಕ್ಕೇ ಕಳೆದುಹೋಗುತ್ತದೆ. ಪರಿಹಾರ ಸಿಗಬೇಕಾದದ್ದು ಆ ಒಂದು ದಿನದ ಆಚೀಚೆ ಯಾರು ಜೊತೆಗಿದ್ದಾರೆ ಎಂಬುದರಲ್ಲಿ.

ಜೊತೆಗಿರುವುದು ಎಂದರೆ ಮೊದಲು ಆ ವ್ಯಕ್ತಿಯನ್ನು ತಿಳಿದಿರುವುದು. ಮನೆಯಲ್ಲಿ ಬೆಳೆದ ಮಗುವಿನ ಚರಿತ್ರೆ ತಾಯಿಯ ನೆನಪಿನಲ್ಲಿರುತ್ತದೆ: ಎಷ್ಟು ತಿಂಗಳಿಗೆ ಕತ್ತು ನಿಂತಿತು, ಮೊದಲ ಫಿಟ್ಸ್ ಯಾವಾಗ ಬಂತು, ಯಾವ ಮಾತ್ರೆ ಮೈಗೆ ಒಗ್ಗಲಿಲ್ಲ, ಗುಡುಗಿಗೆ ಹೆದರುತ್ತದೆಯೋ ನಾಯಿಗೋ, ಹೊಟ್ಟೆನೋವಾದರೆ ಹೇಗೆ ತೋರಿಸುತ್ತದೆ. ಸಂಸ್ಥೆಯಲ್ಲಿ ಬೆಳೆದ ಮಗುವಿನ ಚರಿತ್ರೆ ಚೂರುಚೂರಾಗಿ ಹಲವರಲ್ಲಿ ಹಂಚಿಹೋಗಿರುತ್ತದೆ. ಅಧೀಕ್ಷಕರು ವರ್ಗವಾಗಿ ಹೋಗುತ್ತಾರೆ, ಆಪ್ತ ಸಮಾಲೋಚಕರ ಗುತ್ತಿಗೆ ಮುಗಿಯುತ್ತದೆ, ವಿಶೇಷ ಶಿಕ್ಷಕಿ ಬೇರೆ ಕೆಲಸ ಹಿಡಿಯುತ್ತಾಳೆ. ಕೊನೆಗೆ ಆ ಮಗುವನ್ನು ನಿಜವಾಗಿ ಬಲ್ಲವರೆಂದರೆ ಹತ್ತಾರು ವರ್ಷ ಅಲ್ಲೇ ಇರುವ ಆಯಾ, ಅಡುಗೆಯವರು, ರಾತ್ರಿ ಕಾವಲುಗಾರ. ಅವರಿಗೆ ಗೊತ್ತಿರುವುದು ಯಾವ ಕಡತದಲ್ಲೂ ಇಲ್ಲ, ಏಕೆಂದರೆ ಅವರನ್ನು ಯಾರೂ ಕೇಳಿಲ್ಲ. ಬಾಲನ್ಯಾಯ ನಿಯಮಗಳಲ್ಲಿ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆಯ ನಮೂನೆ ಇದೆ. ಆ ನಮೂನೆಯನ್ನು ಹೊಸ ಜಾಗದ ಪಾಲಕರು ಓದಿದರೆ ತೂಕ, ಎತ್ತರ, ಸೂಚ್ಯಂಕ, ತರಗತಿ ತಿಳಿದೀತು. ಆ ಹುಡುಗ ಕೈ ಕಚ್ಚಿಕೊಳ್ಳುವುದು ಕೋಪದಿಂದಲ್ಲ, ಹಲ್ಲುನೋವಿನಿಂದ ಎಂಬುದು ತಿಳಿಯುವುದಿಲ್ಲ. ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ: ಹುಡುಗನನ್ನು ಮೊಂಡ ಎನ್ನುತ್ತಾರೆ, ನಿದ್ದೆಯ ಮಾತ್ರೆ ಕೊಡುತ್ತಾರೆ, ಹಲ್ಲು ಹಾಗೇ ಇರುತ್ತದೆ.

ಆದ್ದರಿಂದ ದಾಟಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲಿನದು, ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಅಲಕ್ಷ್ಯಕ್ಕೊಳಗಾದದ್ದು ಒಂದು ಪರಿಚಯದ ಪುಸ್ತಕ. ನಲವತ್ತು ಪುಟದ ನೋಟ್‌ಬುಕ್ ಸಾಕು. ಚಿಕ್ಕಂದಿನಿಂದ ತೆಗೆದ ಫೋಟೊಗಳು, ಇದ್ದ ಮನೆಗಳು, ಗೆಳೆಯರ ಹೆಸರು, ಅವನು ಬಳಸುವ ಶಬ್ದಗಳೂ ಸನ್ನೆಗಳೂ ಅವುಗಳ ಅರ್ಥವೂ, ಇಷ್ಟದ ತಿಂಡಿ, ಸಮಾಧಾನ ಮಾಡುವ ಬಗೆ, ಔಷಧಿಯ ಪಟ್ಟಿ, ಫಿಟ್ಸ್ ಬಂದರೆ ಮಾಡಬೇಕಾದದ್ದು. ಇದನ್ನು ಆಯಾಳ ಬಾಯಿಂದ ಕೇಳಿ ಬರೆಯಬೇಕು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೆ ಚಿತ್ರ ತೋರಿಸಿ, ಅವನ ಒಪ್ಪಿಗೆ ಕೇಳುತ್ತ ಬರೆಯಬೇಕು. ಪುಸ್ತಕ ಅವನದು, ಅವನ ಜೊತೆಗೇ ಹೋಗಬೇಕು. ತನ್ನ ಹಿಂದಿನ ಬದುಕನ್ನು ಮಾತಿನಲ್ಲಿ ಹೇಳಲಾಗದವನಿಗೆ ಅದನ್ನು ಕೈಯಲ್ಲಿ ಹಿಡಿದು ತೋರಿಸಲು ಸಾಧ್ಯವಾಗುವುದು ಸಣ್ಣ ಸಂಗತಿಯಲ್ಲ.

ಔಷಧಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೌದ್ಧಿಕ ಅಂಗವೈಕಲ್ಯವುಳ್ಳವರಲ್ಲಿ ಮೂರ್ಛೆರೋಗ ಸಾಮಾನ್ಯ ಜನರಿಗಿಂತ ಹೆಚ್ಚು. ಮೂರ್ಛೆಯ ಮಾತ್ರೆ ಏಕಾಏಕಿ ನಿಂತರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು. ಸಂಸ್ಥೆ ಬದಲಾಗುವ ವಾರದಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು: ಹಳೆಯ ಕಡೆಯ ಮಾತ್ರೆ ಮುಗಿದಿರುತ್ತದೆ, ಹೊಸ ಕಡೆ ಚೀಟಿ ಇರುವುದಿಲ್ಲ, ಮಕ್ಕಳ ವೈದ್ಯರು ‘ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ’ ಎಂದಿರುತ್ತಾರೆ. ಕನಿಷ್ಠ ಎರಡು ತಿಂಗಳ ಮಾತ್ರೆಯೂ ವಯಸ್ಕರ ವೈದ್ಯರಲ್ಲಿ ಒಂದು ಭೇಟಿಯೂ ಹೊರಡುವ ಮೊದಲೇ ಆಗಿರಬೇಕು. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ಪರೀಕ್ಷೆ ಕಾಲಕಾಲಕ್ಕೆ ಬೇಕು. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಅವರಿಗೆ ಬೇರೆಯವರಿಗಿಂತ ಬೇಗ ಬರುತ್ತದೆ ಎಂಬುದೂ ಪಾಲಕರಿಗೆ ತಿಳಿದಿರಬೇಕು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಜ್ಞರ ತಪಾಸಣೆ ನಡೆಸುವ ಏರ್ಪಾಡಿದ್ದು, ಜಿಲ್ಲಾ ಕೇಂದ್ರದಿಂದ ದೂರವಿರುವ ಮನೆಗಳಿಗೆ ಇದು ಉಪಯುಕ್ತ.

ಕಾಗದಪತ್ರಗಳ ಕೆಲಸ ಬೇಸರದ್ದು, ಆದರೆ ಒಂದು ಕಾಗದ ತಪ್ಪಿದರೆ ಹತ್ತು ಸೌಲಭ್ಯ ತಪ್ಪುತ್ತವೆ. ಇದನ್ನು ಹದಿನೈದು ಹದಿನಾರರ ವಯಸ್ಸಿಗೇ ಶುರುಮಾಡಬೇಕು. ಆಧಾರ್ ಇದ್ದರೂ ಅದರಲ್ಲಿರುವುದು ಬಾಲಮಂದಿರದ ವಿಳಾಸ. ಹೊಸ ಮನೆಗೆ ಬಂದೊಡನೆ ಬದಲಿಸದಿದ್ದರೆ ಪಡಿತರ ಚೀಟಿಯಿಂದ ಪಿಂಚಣಿಯವರೆಗೆ ಎಲ್ಲವೂ ಹಳೆಯ ವಿಳಾಸಕ್ಕೆ ಅಂಟಿಕೊಳ್ಳುತ್ತವೆ. ಅಂಗವೈಕಲ್ಯ ಪ್ರಮಾಣಪತ್ರವನ್ನೂ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡನ್ನೂ ಪಡೆಯಬೇಕು. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರವನ್ನು 5, 10, 18ನೇ ವಯಸ್ಸುಗಳಲ್ಲಿ ನವೀಕರಿಸಬೇಕು, 18ರಲ್ಲಿ ಕೊಟ್ಟದ್ದು ಜೀವನಪರ್ಯಂತ ಸಲ್ಲುತ್ತದೆ. ಅಂದರೆ ಸಂಸ್ಥೆ ಬಿಡುವ ವರ್ಷವೇ ಪ್ರಮಾಣಪತ್ರವೂ ಹೊಸದಾಗಬೇಕಾದ ವರ್ಷ. ಆ ಒಂದು ವರ್ಷ ತಪ್ಪಿಸಿಕೊಂಡರೆ ಹಳೆಯ ಪತ್ರ ಸಲ್ಲುವುದಿಲ್ಲ, ಹೊಸದಕ್ಕೆ ಕರೆದುಕೊಂಡು ಹೋಗುವವರಿಲ್ಲ. ಪೋಷಣಾ ವೇತನ ಎಂಬ ಅಂಗವಿಕಲ ಪಿಂಚಣಿ, ಬಸ್ ಪಾಸು, ನಿರಾಮಯ ವಿಮೆ ಮೂರೂ ಈ ಕಾರ್ಡಿನ ಬೆನ್ನಿಗೇ ಇವೆ. ಮತದಾರರ ಪಟ್ಟಿಯನ್ನು ಬಹಳ ಮಂದಿ ಕೈಬಿಡುತ್ತಾರೆ. ಸಮರ್ಥ ನ್ಯಾಯಾಲಯವು ಅಸ್ವಸ್ಥಚಿತ್ತ ಎಂದು ಘೋಷಿಸಿದ್ದರೆ ಮಾತ್ರ 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೆಸರನ್ನು ತಡೆಯುತ್ತದೆ; ಬೌದ್ಧಿಕ ಅಂಗವೈಕಲ್ಯವೊಂದೇ ಅದಕ್ಕೆ ಅಡ್ಡಿಯಲ್ಲ.

ಆಸ್ತಿಯ ಮಾತೂ ಉಂಟು. ಸಂಸ್ಥೆಗೆ ಬಂದವರೆಲ್ಲ ಏನೂ ಇಲ್ಲದವರೆಂದು ಎಣಿಸಬಾರದು. ತಂದೆತಾಯಿ ತೀರಿದ ಮೇಲೆ ಬಂಧುಗಳು ತಂದು ಬಿಟ್ಟ ಮಗುವಿಗೆ ಊರಿನಲ್ಲಿ ಜಮೀನಿನ ಪಾಲು ಇರಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಕಾಯಿಲೆ, ದೋಷ, ಅಂಗವೈಕಲ್ಯ ಯಾವುದರ ನೆಪದಿಂದಲೂ ಯಾರನ್ನೂ ವಾರಸುದಾರಿಕೆಯಿಂದ ಹೊರಗಿಡುವಂತಿಲ್ಲ ಎನ್ನುತ್ತದೆ. ಮಗುವಿನ ಊರು ಗೊತ್ತಿದ್ದರೆ ಹದಿನೆಂಟು ತುಂಬುವ ಮೊದಲೇ ಪಹಣಿ ತೆಗೆಸಿ ನೋಡುವುದು ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ದಿನದ ಕೆಲಸ.

ಪಾಲಕತ್ವದ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಹದಿನೆಂಟರ ನಂತರ ಸಹಿ ಯಾರದು? ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಮಟ್ಟದ ಸಮಿತಿ ಇರಬೇಕು: ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿ. ಪಾಲಕರನ್ನು ನೇಮಿಸುವ ಅಧಿಕಾರ ಈ ಸಮಿತಿಯದು. ಅರ್ಜಿ ಹಾಕುವವರು ಸಾಮಾನ್ಯವಾಗಿ ತಂದೆತಾಯಿ ಅಥವಾ ಬಂಧುಗಳು. ಯಾರೂ ಇಲ್ಲದವರ ವಿಷಯದಲ್ಲಿ ಸಮಿತಿಯೇ ಮುಂದಾಗಿ ನೋಂದಾಯಿತ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಲು ಸೂಚಿಸಬೇಕಾಗುತ್ತದೆ, ಅಂಥವರು ಇದ್ದಾರೆಂಬ ಸುದ್ದಿಯನ್ನು ಸಮಿತಿಗೆ ಬಾಲಮಂದಿರ ಮುಟ್ಟಿಸಬೇಕಾಗುತ್ತದೆ. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಬ್ಯಾಂಕು ಖಾತೆ ತೆರೆಯಲು ಸಮಿತಿ ಕೊಟ್ಟ ಪಾಲಕತ್ವದ ಪತ್ರವನ್ನು ಬ್ಯಾಂಕುಗಳು ಒಪ್ಪಬಹುದೆಂದು ರಿಸರ್ವ್ ಬ್ಯಾಂಕು 2007ರಲ್ಲೇ ತಿಳಿಸಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ನೋಟ ಬೇರೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ದಾರಿಯಲ್ಲಿ ಅದರ 14ನೇ ಕಲಮು ‘ಸೀಮಿತ ಪಾಲಕತ್ವ’ವನ್ನು ತಂದಿದೆ: ನಿರ್ದಿಷ್ಟ ಕಾಲಕ್ಕೆ, ನಿರ್ದಿಷ್ಟ ತೀರ್ಮಾನಕ್ಕೆ, ವ್ಯಕ್ತಿಯ ಇಚ್ಛೆಗೆ ತಕ್ಕಂತೆ, ಇಬ್ಬರೂ ಸೇರಿ ತೀರ್ಮಾನಿಸುವ ಪದ್ಧತಿ. ಎರಡೂ ಕಾಯ್ದೆಗಳು ಜೊತೆಜೊತೆಗೆ ಜಾರಿಯಲ್ಲಿವೆ, ಅವುಗಳ ನಡುವಣ ತಿಕ್ಕಾಟ ಇನ್ನೂ ತೀರಿಲ್ಲ. ಆಚರಣೆಯಲ್ಲಿ ಸರಿಯಾದ ದಾರಿಯೆಂದರೆ ಪಾಲಕತ್ವ ಬೇಕೇ ಎಂದು ಮೊದಲು ಕೇಳುವುದು. ಆಸ್ತಿಯಿಲ್ಲದ, ಪೋಷಣಾ ವೇತನ ತನ್ನ ಹೆಸರಿನ ಖಾತೆಗೇ ಬರುವ, ಪಕ್ಕದಲ್ಲೊಬ್ಬರು ವಿವರಿಸಿದರೆ ತನ್ನ ಇಷ್ಟ ಹೇಳಬಲ್ಲ ಯುವತಿಗೆ ಪಾಲಕರನ್ನು ನೇಮಿಸುವುದು ಅನುಕೂಲಕ್ಕಿಂತ ನಷ್ಟವನ್ನೇ ಹೆಚ್ಚು ತರುತ್ತದೆ. ಆಕೆಯನ್ನು ಇಟ್ಟುಕೊಂಡಿರುವ ಸಂಸ್ಥೆಯೇ ಆಕೆಯ ಪಾಲಕನೂ ಆದರೆ, ಸಂಸ್ಥೆಯಲ್ಲಿ ತಪ್ಪು ನಡೆದಾಗ ಆಕೆಯ ಪರವಾಗಿ ದೂರು ಕೊಡುವವರು ಯಾರೂ ಉಳಿಯುವುದಿಲ್ಲ. ಈ ಎರಡು ಪಾತ್ರಗಳನ್ನು ಬೇರೆ ಬೇರೆ ಕೈಗೆ ಕೊಡುವುದು ಎಷ್ಟು ತೊಡಕಾದರೂ ಸರಿ, ಅದು ಅಗತ್ಯ.

ವಸತಿಗೆ ಬಂದರೆ ಆಯ್ಕೆಗಳು ಕಿರಿದಾಗುತ್ತವೆ. ಸಾಮಾನ್ಯ ಅನುಪಾಲನಾ ಗೃಹ ಓದುವ, ಕೆಲಸ ಹುಡುಕುವ ಯುವಕರಿಗಾಗಿ ಇರುವುದು; ಅಲ್ಲಿ ಆರೈಕೆ ಮಾಡುವವರಿಲ್ಲ. ಮಹಿಳಾ ನಿಲಯಗಳಲ್ಲಿ ಸಂಕಟದಿಂದ ಬಂದ ಎಲ್ಲ ಬಗೆಯ ಹೆಂಗಸರೂ ಇರುತ್ತಾರೆ. ಬೇರೆ ಜಾಗವಿಲ್ಲದೆ ಬಾಲಮಂದಿರದಲ್ಲೇ ದೊಡ್ಡವರು ಉಳಿದರೆ ಎಳೆಯ ಮಕ್ಕಳಿಗೂ ಕಷ್ಟ, ದೊಡ್ಡವರಿಗೂ ಬೆಳೆಯಲು ಎಡೆಯಿಲ್ಲ. ನೂರಾರು ಮಂದಿಯ ದೊಡ್ಡ ಆಶ್ರಮಗಳಿಗಿಂತ ನಾಲ್ಕರಿಂದ ಎಂಟು ಮಂದಿ ಇರುವ, ಬೀದಿಯ ಬೇರೆ ಮನೆಗಳ ಸಾಲಿನಲ್ಲೇ ಇರುವ ಮನೆ ಒಳ್ಳೆಯದೆಂಬುದು ಈ ಕ್ಷೇತ್ರದಲ್ಲಿ ದುಡಿದವರ ಅನುಭವ. ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ಆಶಾ ನಿಕೇತನದಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರೂ ಸಹಾಯಕರೂ ಒಂದೇ ಸೂರಿನಡಿ ಸಂಸಾರದಂತೆ ಬಾಳುವ ಪದ್ಧತಿ ಬೆಳೆದುಬಂತು. ಇಂಥ ಮನೆಗಳು ಬೆರಳೆಣಿಕೆಯಷ್ಟೇ ಇರಲು ಕಾರಣ ಕಟ್ಟಡದ ಖರ್ಚಲ್ಲ. ರಾತ್ರಿ ಹಗಲು ಜೊತೆಗಿರುವವರಿಗೆ ಕೊಡಬೇಕಾದ ಸಂಬಳ.

ಮನೆ ಬದಲಿಸುವ ಬಗೆಯೂ ಮುಖ್ಯ. ಜೀಪಿನಲ್ಲಿ ಕೂರಿಸಿ, ಎಲ್ಲಿಗೆಂದು ಹೇಳದೆ, ಸಂಜೆ ಹೊತ್ತಿಗೆ ಹೊಸ ಜಾಗದಲ್ಲಿ ಇಳಿಸಿ ಬರುವುದು ಕ್ರೌರ್ಯ. ಮೊದಲು ಒಂದು ಮಧ್ಯಾಹ್ನದ ಊಟಕ್ಕೆ, ಆಮೇಲೆ ಒಂದು ಭಾನುವಾರಕ್ಕೆ, ಆಮೇಲೆ ಎರಡು ರಾತ್ರಿಗೆ ಹೋಗಿ ಬರಬೇಕು, ಹೊಸ ಮನೆಯ ಫೋಟೊವನ್ನು ಹಾಸಿಗೆಯ ಬಳಿ ಅಂಟಿಸಿಕೊಳ್ಳಬೇಕು, ಜೊತೆಗೆ ಬೆಳೆದ ಗೆಳತಿಯಿದ್ದರೆ ಇಬ್ಬರನ್ನೂ ಒಟ್ಟಿಗೇ ಕಳಿಸಬೇಕು. ಒಡಹುಟ್ಟಿದವರಿಲ್ಲದವರಿಗೆ ಪಕ್ಕದ ಮಂಚದವಳೇ ಅಕ್ಕ.

ಉದ್ಯೋಗದ ತರಬೇತಿಯಲ್ಲಿ ಎಲ್ಲರಿಗೂ ಮೇಣದಬತ್ತಿ, ಕಾಗದದ ಚೀಲ ಕಲಿಸುವುದು ಹಳೆಯ ಅಭ್ಯಾಸ. ಕೊಳ್ಳುವವರಿದ್ದರೆ ಅದೂ ಸರಿಯೇ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ, ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿನ ರಾಷ್ಟ್ರೀಯ ಸಂಸ್ಥೆ ವಿಶೇಷ ಶಾಲೆಗಳಿಗೆ ರೂಪಿಸಿದ ಕ್ರಮದಲ್ಲಿ ಹದಿಹರೆಯಕ್ಕೆ ಪೂರ್ವವೃತ್ತಿ ಹಂತ ಒಂದಿದೆ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಒಂದೊಂದನ್ನೇ ಕಲಿಸುವುದು ಅದರ ತಿರುಳು. ಬೆಂಗಳೂರಿನ ಅಂಬಾ ಸಂಸ್ಥೆ ಓದಲು ಬಾರದವರಿಗೂ ಅಕ್ಷರಗಳ ಆಕಾರ ಹೊಂದಿಸುವುದನ್ನು ಕಲಿಸಿ ಕಂಪ್ಯೂಟರಿನಲ್ಲಿ ದತ್ತಾಂಶ ತುಂಬುವ ಕೆಲಸ ಮಾಡಿಸಿದೆ. ಹಳ್ಳಿಯ ಕಡೆ ಹಸುವಿನ ಕೊಟ್ಟಿಗೆ, ನರ್ಸರಿ, ಅಡಿಕೆ ಹಾಳೆಯ ತಟ್ಟೆ ಇವು ಸುತ್ತಲಿನ ಬದುಕಿಗೆ ಸೇರಿದ ಕೆಲಸಗಳು. ಆದರೆ ದುಡಿಯಲಾರದವರೂ ಇದ್ದಾರೆ. ಅವರಿಗೆ ದಿನ ಕಳೆಯಲು ಒಂದು ಹಗಲು ಕೇಂದ್ರ, ಹಾಡು, ತಿರುಗಾಟ ಬೇಕು. ದುಡಿಮೆಯನ್ನೇ ಅಳತೆಗೋಲು ಮಾಡಿದ ಯೋಜನೆ ಅವರನ್ನು ಕೈಬಿಟ್ಟುಬಿಡುತ್ತದೆ.

ಬೇರೆ ದೇಶಗಳಲ್ಲೂ ಈ ದಾಟು ಸಲೀಸಾಗಿಲ್ಲ. ಅಮೆರಿಕದ 1999ರ ಕಾಯ್ದೆ ಪೋಷಕ ಆರೈಕೆ ಬಿಡುವವರಿಗೆ ಸ್ವತಂತ್ರ ಬದುಕಿನ ತಯಾರಿಗೆ ಹಣ ಒದಗಿಸಿತು. 2008ರ ಕಾಯ್ದೆ ರಾಜ್ಯಗಳು ಬಯಸಿದರೆ ಆರೈಕೆಯನ್ನು 21ರವರೆಗೆ ವಿಸ್ತರಿಸಲು ನೆರವಾಯಿತು. ಅಂಥ ವಿಸ್ತರಣೆಗೆ ಓದು ಅಥವಾ ದುಡಿಮೆ ಷರತ್ತು, ಆದರೆ ಆರೋಗ್ಯದ ಕಾರಣದಿಂದ ಎರಡೂ ಆಗದವರಿಗೆ ವಿನಾಯಿತಿ ಇದೆ. ಆರೈಕೆ ಬಿಡುವ ಮೊದಲಿನ 90 ದಿನಗಳಲ್ಲಿ ಯುವಕನೇ ಪಾಲ್ಗೊಂಡು ಮಾಡಿದ ಯೋಜನೆ ಕಡ್ಡಾಯ. ಅಲ್ಲಿಯ ವಿಶೇಷ ಶಿಕ್ಷಣ ಕಾನೂನು 16ನೇ ವಯಸ್ಸಿಗೇ ಶಾಲೆಯ ನಂತರದ ಬದುಕಿನ ಯೋಜನೆ ಬರೆಯಲು ಹೇಳುತ್ತದೆ. ಅಷ್ಟಾದರೂ 18ರಲ್ಲಿ ಅಂಗವೈಕಲ್ಯ ಭತ್ಯೆಗೆ ವಯಸ್ಕರ ಮಾನದಂಡದಲ್ಲಿ ಹೊಸದಾಗಿ ಪರೀಕ್ಷೆಯಾಗುತ್ತದೆ, ಸಮುದಾಯದಲ್ಲಿ ಇರಿಸಿ ನೋಡಿಕೊಳ್ಳುವ ಸೇವೆಗೆ ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಸರದಿ ಕಾಯಬೇಕಾಗುತ್ತದೆ. ಹಣವಿರುವ ದೇಶದಲ್ಲೂ ಮಕ್ಕಳ ಇಲಾಖೆ ಮತ್ತು ವಯಸ್ಕರ ಇಲಾಖೆಯ ನಡುವಣ ಬಿರುಕು ಬಿರುಕಾಗಿಯೇ ಇದೆ. ಆ ದೇಶದ ಅನುಭವದಿಂದ ಇಲ್ಲಿಗೆ ತಂದುಕೊಳ್ಳಬಹುದಾದದ್ದು ಮುಖ್ಯವಾಗಿ ಒಂದು: ಯೋಜನೆಗೆ ತಾರೀಖು ಹಾಕುವುದು, ಆ ಯೋಜನೆ ಬರೆಯುವಾಗ ಯುವಕನನ್ನು ಕೋಣೆಯೊಳಗೆ ಕೂರಿಸುವುದು.

ಕರ್ನಾಟಕದಲ್ಲಿ ಈ ಬಿರುಕಿಗೆ ಸೇತುವೆಯಾಗಬಲ್ಲ ಜನ ಈಗಾಗಲೇ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕುಗಳಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಾರೆ. ಊರಿನವರು ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆಂಬುದು ಅವರಿಗೆ ಬಾಯಿಪಾಠ. ಬಾಲಮಂದಿರದಲ್ಲಿ ಹದಿನೇಳಕ್ಕೆ ಕಾಲಿಟ್ಟ ಪ್ರತಿ ಬೌದ್ಧಿಕ ಅಂಗವಿಕಲ ಮಗುವಿನ ಹೆಸರನ್ನು ಮಕ್ಕಳ ರಕ್ಷಣಾ ಘಟಕ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಬರೆದು ತಿಳಿಸಿದರೆ, ಆ ಅಧಿಕಾರಿ ಅದನ್ನು ಹೊಸ ಮನೆಯಿರುವ ತಾಲೂಕಿನ ಒಬ್ಬ ಕಾರ್ಯಕರ್ತೆಗೆ ಹೆಸರು ಹಿಡಿದು ವಹಿಸಿದರೆ, ಹೊಸ ಹುದ್ದೆಯೊಂದೂ ಬೇಕಾಗುವುದಿಲ್ಲ.

ಕೊನೆಯ ಹಂತ ಭೇಟಿ. ಸಂಸ್ಥೆ ಬದಲಿಸಿದ ಮೊದಲ ವರ್ಷವೇ ಅತ್ಯಂತ ಕಷ್ಟದ್ದು: ಊಟ ಬಿಡುವುದು, ಹಾಸಿಗೆ ಒದ್ದೆ ಮಾಡುವುದು, ಹೇಳದೆ ಹೊರಟುಹೋಗುವುದು, ಸುಮ್ಮನಾಗಿಬಿಡುವುದು ಇವೆಲ್ಲ ಆಗಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹಳೆಯ ಮನೆಯಿಂದ ಯಾರಾದರೂ ಹೋಗಿ ಬರಬೇಕು. ಹೋಗುವವರು ಅಧಿಕಾರಿಯೇ ಆಗಬೇಕೆಂದಿಲ್ಲ. ಅವಳ ಜಡೆ ಹಾಕುತ್ತಿದ್ದ ಆಯಾ ಬಸ್ಸಿನ ಖರ್ಚು ಪಡೆದು ಹೋಗಿ ಒಂದು ಗಂಟೆ ಕೂತು ಬಂದರೆ ಸಾಕು. ಆಕೆ ನೋಡಿದ್ದನ್ನು, ಹುಡುಗಿಯ ಮೈಮೇಲಿನ ಗಾಯವನ್ನೋ ಕೈಯಲ್ಲಿನ ಹೊಸ ಬಳೆಯನ್ನೋ, ಯಾರಾದರೊಬ್ಬರು ಕೇಳಿ ಪರಿಚಯದ ಪುಸ್ತಕದ ಮುಂದಿನ ಪುಟದಲ್ಲಿ ಬರೆದಿಡಬೇಕು.